ಕಳಿಸಿದೆ ಎಂದಿತು

ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು ಹಿಡಿದಿದ್ದ ಅವಳನ್ನು ಗಂಡ ಕೇಳಿದ್ದು ಇಷ್ಟೇ: ಗೀಸರ್ ಆರಿಸಿದ್ದೀಯಾ? ಆರಿಸಿದ್ದೇನೆ ಎಂದು ಬರೆದು ಕಳಿಸಿದಳು. ಆರಿಸಿದ್ದಳೋ ಇಲ್ಲವೋ ಅವಳಿಗೇ ನೆನಪಿರಲಿಲ್ಲ. ಗೊತ್ತಿಲ್ಲ ಎಂದರೆ ಅವನು ಇಳಿದ ಮೆಟ್ಟಿಲನ್ನು ಮತ್ತೆ ಹತ್ತಬೇಕು, ಹತ್ತುವಾಗ ಗೊಣಗಬೇಕು, ಆ ಗೊಣಗಾಟ ಸಂಜೆಯ ತನಕ ಮನೆಯಲ್ಲೇ ಉಳಿದುಕೊಂಡು ಅವಳು ಬಾಗಿಲು ತೆಗೆದಾಗ ಎದುರಾಗಬೇಕು. ಅಷ್ಟೆಲ್ಲ ಯಾಕೆ, ಒಂದು ಮಾತಿನಲ್ಲಿ ಮುಗಿಯುವುದಾದರೆ. ಬೆರಳು ತಾನಾಗಿ ಪರದೆಯನ್ನು ಜಾರಿಸುತ್ತ ಹೋಯಿತು: ಹಾಲಿನವನದು, ನಾದಿನಿಯದು, ಯಾರದೋ ಗೃಹಪ್ರವೇಶದ ಫೋಟೋ. ಒಂದು ಮಾತ್ರ ಇರಲಿಲ್ಲ. ನಿನ್ನೆ ಸಂಜೆ ಐದಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಆಫೀಸಿನ ಪ್ರೋಗ್ರಾಮಿನಿಂದ ತನ್ನ ನಂಬರಿಗೇ ಒಂದು ಮೆಸೇಜು ಕಳಿಸಿ ನೋಡಿದ್ದಳು. ಪ್ರೋಗ್ರಾಮು ‘ಕಳಿಸಿದೆ’ ಎಂದಿತ್ತು. ಫೋನು ಚೀಲದ ತಳದಲ್ಲಿತ್ತು, ಛತ್ರಿಯ ಕೆಳಗೆ, ಊಟದ ಡಬ್ಬಿಯ ಕೆಳಗೆ. ಕಳಿಸಿದೆ ಅಂತ ಅದೇ ಹೇಳುತ್ತಿದೆಯಲ್ಲ, ಇನ್ನೇನು ನೋಡುವುದು ಎಂದುಕೊಂಡು ಎದ್ದು ಬಂದಿದ್ದಳು. ಈಗ ಮೇಲೆ ಕೆಳಗೆ ಎರಡು ಸಲ ಜಾರಿಸಿದಳು. ಬಂದಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ಅವಳ ಮುಖ ನೋಡಿ, ಕೂತ್ಕೋತೀರಾ ಎಂದು ಅರ್ಧ ಎದ್ದಳು. ಬೇಡ ಎಂದಳು. ನಲವತ್ತನಾಲ್ಕು ವರ್ಷಕ್ಕೇ ಬಸ್ಸಿನಲ್ಲಿ ಜಾಗ ಬಿಟ್ಟುಕೊಡುವ ಹಾಗೆ ಕಾಣುತ್ತೇನಾ ಎಂಬ ಯೋಚನೆ, ಆ ಗಾಬರಿಯಲ್ಲೂ, ನಡುವೆ ತೂರಿಕೊಂಡು ಹೋಯಿತು.

ಮೂತ್ರಪಿಂಡ ಕೆಟ್ಟವರ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಕೇಂದ್ರವೊಂದಕ್ಕೆ ಅವಳ ಕಂಪನಿ ಒಂದು ಪ್ರೋಗ್ರಾಮು ನಡೆಸುತ್ತಿತ್ತು. ಯಾರು ಯಾವ ದಿನ, ಎಷ್ಟು ಗಂಟೆಗೆ, ಯಾವ ಮಷೀನು, ಎಲ್ಲ ಅದರಲ್ಲಿ. ದಿನಾ ಸಂಜೆ ಆರಕ್ಕೆ ಮರುದಿನದವರಿಗೆಲ್ಲ ಅದು ಮೆಸೇಜು ಕಳಿಸಬೇಕು. ರೂಬಿ ಎಂಬ ಭಾಷೆಯಲ್ಲಿ ಬರೆದದ್ದು. ಅತ್ತೆ ಹಾಸಿಗೆ ಹಿಡಿದ ಹನ್ನೊಂದು ವರ್ಷದಲ್ಲಿ, ಅವರು ಮಧ್ಯಾಹ್ನ ಕಣ್ಣು ಮುಚ್ಚಿದ ಹೊತ್ತಿನಲ್ಲಿ, ಫೋನಿನಲ್ಲಿ ಪಾಠ ಕೇಳಿ ಕೇಳಿ ಅವಳು ಕಲಿತ ಭಾಷೆ ಅದು. ಅದರ ಸಲಿಗೆ ಅವಳಿಗೆ ಇಷ್ಟ. ಬೇರೆ ಎಷ್ಟೋ ಭಾಷೆಗಳಲ್ಲಿ ಒಮ್ಮೆ ಬರೆದು ಓಡಿಸಿದ ಮೇಲೆ ಮುಟ್ಟಲು ಬಿಡುವುದಿಲ್ಲವಂತೆ. ಇದರಲ್ಲಿ ಪ್ರೋಗ್ರಾಮು ಓಡುತ್ತಿರುವಾಗಲೇ ಒಳಗೆ ಕೈಹಾಕಿ, ಒಂದು ಮೆಥಡನ್ನು, ಅಂದರೆ ಒಂದು ಕೆಲಸ ಮಾಡುವ ಸಾಲುಗಳ ಕಟ್ಟನ್ನು, ತೆಗೆದು ಅದೇ ಹೆಸರಿನಲ್ಲಿ ಇನ್ನೊಂದನ್ನು ಕೂರಿಸಬಹುದು. ಕರೆಯುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೆಸರು ಕೂಗಿದರೆ ಹೊಸಬ ಬರುತ್ತಾನೆ, ಅಷ್ಟೇ. ಹಳೆಯದನ್ನು ಬೇರೆ ಹೆಸರಿನಲ್ಲಿ ಎತ್ತಿಟ್ಟುಕೊಂಡಿದ್ದರೆ ಕೆಲಸ ಮುಗಿದ ಮೇಲೆ ಮತ್ತೆ ಅದರ ಜಾಗದಲ್ಲಿ ಕೂರಿಸಬಹುದು. ನಿನ್ನೆ ಅವಳು ಮಾಡಿದ್ದೂ ಅದನ್ನೇ. ಕೇಂದ್ರದಿಂದ ರೋಗಿಗಳ ಹೊಸ ಫೋನ್ ನಂಬರುಗಳ ಪಟ್ಟಿ ಬಂದಿತ್ತು, ನೂರಾ ನಲವತ್ತು. ಒಂದೊಂದು ನಂಬರು ತಿದ್ದಿದಾಗಲೂ ಪ್ರೋಗ್ರಾಮು ಆ ರೋಗಿಗೆ ‘ನಿಮ್ಮ ಸಮಯ ಬದಲಾಗಿದೆ’ ಎಂದು ಸುಳ್ಳು ಮೆಸೇಜು ಹೊಡೆಯುವುದಿತ್ತು. ಆದ್ದರಿಂದ ತಿದ್ದುವ ಹೊತ್ತಿಗೆ ಮಾತ್ರ ಆ ಕಳಿಸುವ ಮೆಥಡನ್ನು ಪಕ್ಕಕ್ಕಿಟ್ಟು, ಅದರ ಜಾಗದಲ್ಲಿ ಏನೂ ಕಳಿಸದೆ ಸುಮ್ಮನೆ ‘ಕಳಿಸಿದೆ’ ಎಂದು ಹೇಳುವ ಎರಡು ಸಾಲಿನದೊಂದನ್ನು ಕೂರಿಸಿದಳು.

ಹಾಗೆ ಮಾಡಬಾರದಿತ್ತು. ಓಡುತ್ತಿರುವ ಪ್ರೋಗ್ರಾಮಿನ ಒಳಕ್ಕೆ ಇಳಿಯುವ ಆ ಕಿಂಡಿಯನ್ನು ಹಿಂದೆ ಕೆಲಸ ಬಿಟ್ಟು ಹೋದವರು ಯಾರೋ ಇಟ್ಟಿದ್ದರು. ಕೇಳದೆ ಯಾರೂ ಬಳಸಬೇಡಿ ಎಂದು ಮೇಡಂ ಮೊದಲ ದಿನವೇ ಹೇಳಿದ್ದರು. ಮೇಡಂ ಅಂದರೆ ಇವಳಿಗಿಂತ ಹದಿನೈದು ವರ್ಷ ಚಿಕ್ಕವರು, ಈ ಗುಂಪಿನ ಮುಖ್ಯಸ್ಥೆ. ಕೇಳಬೇಕು ಎಂದು ನಿನ್ನೆ ಎದ್ದಿದ್ದಳು ಕೂಡ. ಮೇಡಂ ಕುರ್ಚಿಯ ತನಕ ಹೋಗಿ, ಅವರ ಬೆನ್ನು, ಕಿವಿಯ ಮೇಲಿನ ಹೆಡ್‌ಫೋನು ನೋಡಿ, ನೀರು ಕುಡಿಯಲು ಬಂದವಳ ಹಾಗೆ ತಿರುಗಿ ಬಂದಿದ್ದಳು. ಹೋದ ವಾರ ಏನೋ ಒಂದು ಸಣ್ಣದು ಕೇಳಿದಾಗ ಮೇಡಂ ಎಲ್ಲರೆದುರಿಗೆ, ಇದನ್ನೂ ಕೇಳ್ಬೇಕಾ ಎಂದಿದ್ದರು. ಬೈದದ್ದಲ್ಲ, ಅವಸರದಲ್ಲಿ ಬಂದ ಮಾತು. ಆದರೆ ಪಕ್ಕದ ಮೇಜಿನ ಹುಡುಗಿ ನಗು ತಡೆಯಲು ಕೆಳಗೆ ಬಗ್ಗಿದ್ದಳು. ಬಿದ್ದ ಪೆನ್ನು ಹುಡುಕುವವಳ ಹಾಗೆ ಬಗ್ಗಿದ ಆ ಬೆನ್ನನ್ನು ಇವಳು ಒಂದು ವಾರದಿಂದ ಹೊತ್ತು ತಿರುಗುತ್ತಿದ್ದಳು. ಕಾಫಿ ಮಷೀನಿನ ಹತ್ತಿರ ಎಲ್ಲರೂ ತನ್ನನ್ನು ಆಂಟಿ ಎಂದು ಕರೆಯುವುದೂ ಅವಳಿಗೆ ಗೊತ್ತಿತ್ತು. ಆರು ತಿಂಗಳು ನೋಡಿ ಆಮೇಲೆ ಖಾಯಂ ಮಾಡುತ್ತೇವೆ ಎಂದಿದ್ದರು. ಐದನೆಯ ತಿಂಗಳು ನಡೆಯುತ್ತಿತ್ತು.

ಎಲ್ಲಿ ತಪ್ಪಿತು? ಕಂಬಿ ಹಿಡಿದೇ ನಿನ್ನೆಯದನ್ನು ಮೊದಲಿಂದ ಎಣಿಸಿದಳು. ಹಳೆಯದನ್ನು ಬೇರೆ ಹೆಸರಲ್ಲಿ ಇಟ್ಟೆ. ಸುಳ್ಳಿನದನ್ನು ಕೂರಿಸಿದೆ. ಮೂವತ್ತೋ ನಲವತ್ತೋ ನಂಬರು ತಿದ್ದಿದೆ. ಆಗ ಮೀಟಿಂಗಿಗೆ ಕರೆದರು. ಬಂದು ನೋಡಿದಾಗ ಕಿಂಡಿ ಮುಚ್ಚಿಕೊಂಡಿತ್ತು. ಮತ್ತೆ ತೆರೆದೆ. ಮತ್ತೆ ಅದೇ ಸಾಲುಗಳನ್ನು ಓಡಿಸಿದೆ. ಮತ್ತೆ. ಅಲ್ಲಿಗೆ ಬಂದು ಅವಳ ಯೋಚನೆ ನಿಂತಿತು. ಮುಚ್ಚಿಕೊಂಡದ್ದು ಕಿಂಡಿ ಮಾತ್ರ; ಪ್ರೋಗ್ರಾಮು ನಿಂತಿರಲಿಲ್ಲ. ಎರಡನೆಯ ಸಲ ಆ ಸಾಲುಗಳು ಓಡಿದಾಗ ಅಲ್ಲಿ ಕೂತಿದ್ದದ್ದು ನಿಜವಾದ ಮೆಥಡ್ ಅಲ್ಲ, ಆಗಲೇ ಕೂರಿಸಿದ್ದ ಸುಳ್ಳಿನದು. ಪ್ರೋಗ್ರಾಮು ಅದನ್ನೇ ಹಳೆಯದೆಂದು ಎತ್ತಿಟ್ಟಿತು, ಮೊದಲು ಎತ್ತಿಟ್ಟಿದ್ದ ನಿಜವಾದದ್ದರ ಮೇಲೆಯೇ ಇಟ್ಟು ಅದನ್ನು ಅಳಿಸಿತು. ಕೊನೆಗೆ ಅವಳು ಜಾಗ್ರತೆಯಾಗಿ, ಒಂದೊಂದು ಅಕ್ಷರ ನೋಡಿಕೊಂಡು ವಾಪಸು ಕೂರಿಸಿದ್ದು ಆ ಸುಳ್ಳನ್ನೇ. ಸರಿ ಹೋಯಿತಾ ಎಂದು ಕೇಳಿದ್ದೂ ಅದನ್ನೇ. ಅದು ತನಗೆ ಗೊತ್ತಿದ್ದ ಒಂದೇ ಮಾತು ಹೇಳಿತ್ತು.

ಹಾಗಾದರೆ ನಿನ್ನೆ ಆರು ಗಂಟೆಗೆ ಯಾರಿಗೂ ಏನೂ ಹೋಗಿಲ್ಲ. ವಾರವಾರವೂ ಅದೇ ಹೊತ್ತಿಗೆ ಬರುವವರಿಗೆ ತಮ್ಮ ಸಮಯ ಗೊತ್ತಿರುತ್ತದೆ, ಬರುತ್ತಾರೆ. ಆದರೆ ನಿನ್ನೆ ಮಧ್ಯಾಹ್ನ ಕೇಂದ್ರದಲ್ಲಿ ಎರಡು ಮಷೀನು ಕೆಟ್ಟು, ಹನ್ನೊಂದು ಗಂಟೆಯ ನಾಲ್ಕು ಜನರನ್ನು ಬೆಳಿಗ್ಗೆ ಏಳೂವರೆಗೆ ಹಾಕಿದ್ದರು. ಸುಳ್ಳಿನದು ಕೂತಿದ್ದಾಗಲೇ ಆ ಬದಲಾವಣೆ ಅವಳ ಕಣ್ಣೆದುರಿಗೆ ಪರದೆಯ ಮೇಲೆ ಬಂದಿತ್ತು; ಅದರ ಮೆಸೇಜೂ ಹೋಗಿರಲಿಕ್ಕಿಲ್ಲ. ಅವರು ಗೊತ್ತಿಲ್ಲದೆ ಹನ್ನೊಂದಕ್ಕೆ ಬಂದರೆ ಮಷೀನು ಇರುವುದಿಲ್ಲ. ಆ ಪ್ರೋಗ್ರಾಮಿನ ಮೇಲೆ ಕೆಲಸ ಮಾಡುವವರಿಗೆ ಒಂದು ಸರದಿ ತಪ್ಪುವುದೆಂದರೆ ಏನೆಂದು ತಿಳಿದಿರಲಿ ಎಂದು ಮೇಡಂ ಅವಳಿಗೆ ಒಂದು ಪುಸ್ತಿಕೆ ಕೊಟ್ಟಿದ್ದರು. ಮೈಯಲ್ಲಿ ನೀರು ತುಂಬುತ್ತದೆ, ಉಸಿರು ಕಟ್ಟುತ್ತದೆ, ಎದೆ ಬಡಿತ ತಪ್ಪಬಹುದು. ‘ಬಹುದು’ ಎಂಬ ಆ ಪದ ಈಗ ಕಣ್ಣ ಮುಂದೆ ದೊಡ್ಡದಾಗಿ ನಿಂತಿತು. ಗಂಟೆ ಏಳೂ ಮುಕ್ಕಾಲು. ಮೇಡಂಗೆ ಫೋನು ಮಾಡಬೇಕು. ಮಾಡಲಿಲ್ಲ. ಮುಂದಿನ ನಿಲ್ದಾಣ ಆ ಕೇಂದ್ರದ್ದೇ. ಜನರನ್ನು ತಳ್ಳಿಕೊಂಡು ಇಳಿದಳು.

ಕೇಂದ್ರ ಒಂದು ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಐದು ತಿಂಗಳಿಂದ ದಿನವೂ ಅದರ ಒಳಹೊರಗೆಲ್ಲ ತಿದ್ದುತ್ತಿದ್ದವಳು ಅದರ ಮೆಟ್ಟಿಲು ಹತ್ತಿದ್ದು ಇದೇ ಮೊದಲು. ಕಾಯುವ ಕೋಣೆಯಲ್ಲಿ ಗೋಡೆಗುಂಟ ನೀಲಿ ಕುರ್ಚಿಗಳು, ಒಂದು ತೂಕದ ಯಂತ್ರ, ಫಿನಾಯಿಲ್ ವಾಸನೆ. ಅರ್ಧ ಗಾಜಿನ ಬಾಗಿಲಿನಾಚೆ ಸಾಲಾಗಿ ಮಂಚಗಳು, ಪ್ರತಿಯೊಂದರ ಪಕ್ಕ ಬೀರುವಿನಷ್ಟು ಎತ್ತರದ ಮಷೀನು. ಬಗ್ಗಿ ಎಣಿಸಿದಳು. ಏಳು ಮಷೀನು ನಡೆಯುತ್ತಿದ್ದವು. ಆರರ ಪಕ್ಕ ಜನ ಮಲಗಿದ್ದರು. ಒಂದರ ಪಕ್ಕದ ಮಂಚ ಬಿಳೀ ಬಟ್ಟೆ ಹೊದ್ದು ಖಾಲಿ ಇತ್ತು. ಮತ್ತೆ ಎಣಿಸಿದಳು. ಖಾಲಿ ಮಂಚ ಹಾಗೇ ಇತ್ತು. ಯಾವುದೋ ರೋಗಿಯ ಕಡೆಯವಳೆಂಬಂತೆ ಒಂದು ಕುರ್ಚಿಯಲ್ಲಿ ಕೂತಳು. ಪಕ್ಕದಲ್ಲಿ ಕುತ್ತಿಗೆಗೆ ಅಳತೆಯ ಟೇಪು ಹಾಕಿಕೊಂಡೇ ಬಂದಿದ್ದ ಒಬ್ಬ ಮುದುಕ ದರ್ಜಿ. ಒಳಗೆ ಮಲಗಿದ್ದದ್ದು ಅವನ ಹೆಂಡತಿ. ಅವನಾಗಿಯೇ ಹೇಳಿಕೊಂಡ: ಹನ್ನೊಂದಕ್ಕೆ ಬರುತ್ತಿದ್ದವರು, ಇವತ್ತು ಬೆಳಿಗ್ಗೆಯೇ ಬರಬೇಕಾಯಿತು, ಅವಸರದ ಒಂದು ಹೊಲಿಗೆಗೆಂದು ಆರೂವರೆಗೇ ಅಂಗಡಿ ತೆಗೆದು ಅರ್ಧ ಗಂಟೆಯಲ್ಲಿ ಬಾಗಿಲು ಎಳೆದುಕೊಂಡು ಬಂದೆ. ಅವಳು, ನಿಮಗೆ ಮೆಸೇಜು ಬಂತಾ ಎಂದು ಕೇಳಿದಳು. ಮೆಸೇಜೂ ಇಲ್ಲ ಏನೂ ಇಲ್ಲಮ್ಮ ಎಂದ. ಬಂದದ್ದು ಹೇಗೆ ಎಂದು ಕೇಳಲು ಅವಳಿಗೆ ಹೊಳೆಯಲಿಲ್ಲ. ಖಾಲಿ ಮಂಚವೊಂದೇ ಕಾಣುತ್ತಿತ್ತು.

ಒಂಬತ್ತು ವರ್ಷದವಳಿದ್ದಾಗ ಅಮ್ಮ ಅವಳನ್ನು ಎರಡು ಬೀದಿ ಆಚೆಯ ದೊಡ್ಡಮ್ಮನ ಮನೆಗೆ ಕಳಿಸಿದ್ದಳು. ಅಜ್ಜಿಗೆ ಜ್ವರ ಹೆಚ್ಚಾಗಿದೆ, ಕೂಡಲೇ ಬರಬೇಕಂತೆ ಎಂದು ಹೇಳಿ ಬಾ. ಓಣಿಯ ತಿರುವಿನಲ್ಲಿ ಒಂದು ನಾಯಿ ಮರಿಗಳನ್ನು ಹಾಕಿಕೊಂಡು ಮಲಗಿತ್ತು. ಇವಳನ್ನು ನೋಡಿ ಎದ್ದಿತು, ಬೊಗಳಲೂ ಇಲ್ಲ. ಇವಳು ಹಿಂದಕ್ಕೆ ಬಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಕೂತು, ಹೋಗಿ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಲೆಕ್ಕ ಹಾಕಿ ಕಾದು, ಮನೆಗೆ ಹೋಗಿ, ಹೇಳ್ದೆ ಎಂದಳು. ಏನಂದ್ರು? ಬರ್ತೀನಿ ಅಂದ್ರು. ಅಜ್ಜಿಗೆ ವಾಸಿಯೂ ಆಯಿತು. ಆದರೆ ಹೇಳಿ ಕಳಿಸಿದರೂ ಬರಲಿಲ್ಲ ಎಂಬ ಮಾತು ಮನೆಯಲ್ಲಿ ಹುಟ್ಟಿತು, ಬೆಳೆಯಿತು, ಅಕ್ಕತಂಗಿಯರ ನಡುವೆ ಮೂರನೆಯವಳ ಹಾಗೆ ವರ್ಷಗಟ್ಟಲೆ ಬಾಳಿತು. ದೊಡ್ಡಮ್ಮ ಒಮ್ಮೆ ಮದುವೆ ಮನೆಯೊಂದರಲ್ಲಿ ಇವಳ ಗಲ್ಲ ಹಿಡಿದು, ಯಾಕೋ ನಿಮ್ಮಮ್ಮ ಮಾತೇ ಆಡಲ್ಲ ನೋಡು ಪುಟ್ಟಿ ಎಂದಿದ್ದಳು. ಆ ಗಲ್ಲ ಈಗಲೂ ಉರಿಯುತ್ತದೆ. ದೊಡ್ಡಮ್ಮ ಹೋದಳು, ಅಮ್ಮನೂ ಹೋದಳು, ಯಾರಿಗೂ ಹೇಳಲಿಲ್ಲ. ಆಗ ಹೇಳದೆ ಹೇಳಿದೆ ಎಂದವಳು ತಾನು. ನಿನ್ನೆ ಕೂತು ಅಂಥದೇ ಒಂದನ್ನು ಕೈಯಾರೆ ಬರೆದವಳೂ ತಾನು.

“ಯಾರ ಕಡೆಯವರು ನೀವು?”

ಕೇಳಿದವರು ಅಲ್ಲಿನ ಹಿರಿಯ ನರ್ಸು, ಎಲ್ಲರೂ ಸಿಸ್ಟರ್ ಎಂದು ಕರೆಯುವವರು. ಐವತ್ತು ದಾಟಿದ, ಅಗಲ ಭುಜದ ಹೆಂಗಸು. ಒಂದು ಕೈಯಲ್ಲಿ ಫೋನು, ಕಂಕುಳಲ್ಲಿ ಉದ್ದನೆಯ ನೋಟ್‌ಪುಸ್ತಕ. ಒಳಗಿರುವ ಯಾರದಾದರೂ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದು ಎಂಬ ಆಸೆ ಒಂದು ಕ್ಷಣ ಅವಳಲ್ಲಿ ಹೆಡೆ ಎತ್ತಿತು. ಆದರೆ ಎದ್ದು ನಿಂತಳು.

“ನಾನು ಯಾರ ಕಡೆಯವಳೂ ಅಲ್ಲ ಸಿಸ್ಟರ್. ಮೆಸೇಜ್ ಕಳಿಸೋ ಕಂಪನಿಯವಳು. ನಿನ್ನೆ ಸಂಜೆ ಯಾರಿಗೂ ಮೆಸೇಜ್ ಹೋಗಿಲ್ಲ. ನನ್ನಿಂದಲೇ ಆದ ತಪ್ಪು.”

ಸಿಸ್ಟರ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಗೊತ್ತು. ಆರೂ ಕಾಲಿಗೇ ಗೊತ್ತಾಯ್ತು. ನಿಮ್ಮ ಪಟ್ಟೀಲಿ ರೋಗಿ ಅಂತ ನನ್ನ ನಂಬರೂ ಸೇರಿಸಿದೀನಿ. ದಿನಾ ನನಗೂ ಬರತ್ತೆ. ಬರಲಿಲ್ಲ ಅಂದ್ರೆ ಯಾರಿಗೂ ಬಂದಿಲ್ಲ ಅಂತ ಲೆಕ್ಕ. ಕೂತು ಎಲ್ಲರಿಗೂ ಫೋನ್ ಮಾಡ್ದೆ.”

ದರ್ಜಿ ತಲೆಯಾಡಿಸಿದ. ಹೌದಮ್ಮ, ಸಿಸ್ಟರೇ ಮಾಡಿದ್ದು, ನಾನು ಅದನ್ನೇ ಹೇಳೋಣ ಅಂತಿದ್ದೆ, ನೀವು ಕೇಳಲಿಲ್ಲ ಎಂದ. ಅವಳು ಮತ್ತೆ ಕುರ್ಚಿಯಲ್ಲಿ ಕೂತಳು. ಸಮಾಧಾನದ ಬೆನ್ನಿಗೇ ಒಂದು ಸಣ್ಣ ಮುಳ್ಳೂ ಚುಚ್ಚಿತು: ಹಾಗಾದರೆ ನಾವು ಮಾಡಿದ್ದನ್ನು ಇವರು ಒಂದು ದಿನವೂ ನಂಬಿರಲಿಲ್ಲ. ಚುಚ್ಚಲಿ ಬಿಡು ಎಂದುಕೊಂಡಳು. ನಂಬಿದ್ದರೆ ಇವತ್ತು ಏನಾಗುತ್ತಿತ್ತು? ಆಮೇಲೆ ಗಾಜಿನಾಚೆಗೆ ಬೆರಳು ತೋರಿಸಿ, ಆ ಮಂಚ ಎಂದಳು.

ಸಿಸ್ಟರ್ ಮುಖ ಬಿಗಿಯಿತು. ಅದೊಬ್ಬರದೇ ಉಳಿದದ್ದು. ನಿವೃತ್ತ ಡ್ರಾಯಿಂಗ್ ಮಾಸ್ತರು, ಹನ್ನೊಂದರಿಂದ ಏಳೂವರೆಗೆ ಹಾಕಿದ್ದವರು. ನಿನ್ನೆಯಿಂದ ಹದಿನೈದು ಸಲ ಫೋನು ಮಾಡಿದೆ, ಸ್ವಿಚ್ ಆಫ್. ಹೋದ ತಿಂಗಳು ಒಂದು ಸರದಿ ತಪ್ಪಿಸಿಕೊಂಡಾಗ ಆಕ್ಸಿಜನ್ ಹಾಕಿ ಕರೆತಂದಿದ್ದರು. ಒಂಬತ್ತರ ತನಕ ಈ ಮಷೀನು ಹಿಡಿದಿಡಬಹುದು, ಆಮೇಲೆ ಮುಂದಿನವರ ಸರದಿ ಕೆಡುತ್ತದೆ. ಹೀಗೆ ಹೇಳಿ ಸಿಸ್ಟರ್ ನೋಟ್‌ಪುಸ್ತಕ ತೆರೆದು ಆ ನಂಬರು ತೋರಿಸಿದರು. ಅವಳು ಅದನ್ನು ಓದಿದಳು. ಅದರ ಕೊನೆಯಲ್ಲಿ ಎರಡು ಸೊನ್ನೆ. ಆ ಎರಡು ಸೊನ್ನೆಯ ಹಳೆಯ ನಂಬರನ್ನು ತಾನು ನಿನ್ನೆ ಅಳಿಸಿ ಹೊಸದನ್ನು ಹಾಕಿದ್ದು ಅವಳಿಗೆ ನೆನಪಾಯಿತು. ಇನ್ನೊಮ್ಮೆ ತಾಳೆ ನೋಡೋಣವೆಂದು ಆ ಪಟ್ಟಿಯನ್ನು ಚೀಲದಲ್ಲೇ ಇಟ್ಟುಕೊಂಡು, ಅದಕ್ಕೆಂದೇ ಬೇಗನೆ ಹೊರಟಿದ್ದಳಲ್ಲ. ಛತ್ರಿ ತೆಗೆದಳು, ಡಬ್ಬಿ ತೆಗೆದಳು, ಮಡಚಿದ ಹಾಳೆಗಳನ್ನು ಕುರ್ಚಿಯ ಮೇಲೆ ಹರಡಿ ಬೆರಳಿಟ್ಟು ಇಳಿಯುತ್ತ ಹೋದಳು. ಮೂರನೆಯ ಹಾಳೆಯ ನಡುವೆ ಇತ್ತು: ಹಳೆಯ ಫೋನು ಕಳೆದಿದೆ, ಸೊಸೆಯ ನಂಬರು ಇದು. ಹೋದ ವಾರ ಕೇಂದ್ರದ ಕೌಂಟರಿನಲ್ಲಿ ಬರೆದುಕೊಟ್ಟದ್ದು ಕಂಪನಿಗೆ ಬಂದಿತ್ತು, ಸಿಸ್ಟರ್ ಪುಸ್ತಕಕ್ಕೆ ಬಂದಿರಲಿಲ್ಲ. ಸಿಸ್ಟರ್ ಅಲ್ಲೇ ನಿಂತು ಒತ್ತಿದರು. ಎರಡು ಸಲ ಗಂಟೆ ಬಾರಿಸುವುದು ಇವಳಿಗೂ ಕೇಳಿತು. ಮೂರನೆಯದಕ್ಕೆ ಯಾರೋ ಎತ್ತಿಕೊಂಡರು. ಸಿಸ್ಟರ್ ಹೇಳಿದ್ದು ನಾಲ್ಕೇ ಮಾತು. ಕೇಳಿಸಿಕೊಂಡದ್ದು ಅದಕ್ಕಿಂತ ಹೆಚ್ಚು. ಫೋನು ಇಳಿಸಿ, ಹೊರಡ್ತಿದಾರೆ, ಅರ್ಧ ಗಂಟೆ ಸಾಕು, ಮನೇಲಿ ಹಲ್ಲುಜ್ಜುತಾ ಇದ್ದರಂತೆ ಎಂದರು. ಮಾಸ್ತರು ಹಲ್ಲುಜ್ಜುತ್ತಿದ್ದಾರೆ ಎಂಬ ಸುದ್ದಿಗೆ ಅವಳ ಕಣ್ಣು ತುಂಬಿತು. ಹಾಳೆಗಳನ್ನು ಜೋಡಿಸುವ ನೆಪದಲ್ಲಿ ಬಗ್ಗಿದಳು.

ಆಗಲೂ ಕೆಲಸ ಮುಗಿದಿರಲಿಲ್ಲ. ಸುಳ್ಳು ಇನ್ನೂ ಅಲ್ಲಿ ಕೂತಿತ್ತು, ಇವತ್ತು ಸಂಜೆ ಆರಕ್ಕೂ ಅದೇ ಮಾತು ಹೇಳಲು ಕಾಯುತ್ತಿತ್ತು. ಮೆಟ್ಟಿಲಿನ ತಿರುವಿನಲ್ಲಿ ನಿಂತು ಮೇಡಂಗೆ ಫೋನು ಮಾಡಿದಳು. ಹೇಗೆ ಶುರು ಮಾಡುವುದೆಂದು ಯೋಚಿಸಿಕೊಂಡದ್ದೆಲ್ಲ ಮರೆತು ಕೊನೆಯಿಂದ ಶುರು ಮಾಡಿದಳು: ಡ್ರಾಯಿಂಗ್ ಮಾಸ್ತರಿಂದ. ಮೇಡಂಗೆ ಏನೂ ಅರ್ಥವಾಗದೆ, ಯಾವ ಮಾಸ್ತರು ಎಂದರು. ಮತ್ತೆ ಮೊದಲಿಂದ ಹೇಳಿದಳು, ಕಿಂಡಿ, ಎರಡನೆಯ ಸಲ, ಫೋನು ನೋಡದೆ ಎದ್ದು ಬಂದದ್ದು, ಎಲ್ಲ. ನಿಜವಾದದ್ದರ ಮೇಲೆ ಸುಳ್ಳನ್ನು ಇಟ್ಟುಬಿಟ್ಟೆ ಮೇಡಂ, ಅದು ಹೋಯ್ತು ಎಂದಳು. ಆ ಕಡೆ ಕೀಲಿಮಣೆಯ ಸದ್ದು ಕೇಳುತ್ತಿತ್ತು.

“ಎಲ್ಲಿಗೂ ಹೋಗಿಲ್ಲ,” ಎಂದರು ಮೇಡಂ. “ನೀವು ಬದಲಾಯಿಸಿದ್ದು ಓಡ್ತಾ ಇರೋ ಪ್ರೋಗ್ರಾಮಿನ ನೆನಪಲ್ಲಿ ಮಾತ್ರ. ಮೂಲ ಫೈಲಲ್ಲಿ ಇದ್ದ ಹಾಗೇ ಇದೆ. ರೀಸ್ಟಾರ್ಟ್ ಮಾಡಿದ್ರೆ ಅಲ್ಲಿಂದಲೇ ಓದಿಕೊಳ್ಳತ್ತೆ. ಇದು ನಿಮಗೂ ಗೊತ್ತಲ್ಲ?”

ಗೊತ್ತಿತ್ತು. ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಕೂತು ಕಲಿತ ಮೊದಲ ತಿಂಗಳಿನ ಪಾಠ. ಬಸ್ಸಿನಲ್ಲಿ ಅದು ಎಲ್ಲಿ ಹೋಗಿತ್ತೋ. ಗೊತ್ತಿದ್ದರೂ ರೀಸ್ಟಾರ್ಟ್ ಮಾಡುವ ಅಧಿಕಾರ ಅವಳಿಗಿರಲಿಲ್ಲ; ಹೇಳಿಕೊಳ್ಳದೆ ದಾರಿಯೇ ಇರಲಿಲ್ಲ. ಬಹುಶಃ ಅದಕ್ಕೇ ನೆನಪಾಗಲಿಲ್ಲವೇನೋ. ಮೇಡಂ ಲೈನಿನಲ್ಲಿರಿ ಎಂದರು. ಕೆಳಗೆ ಕನ್ನಡಕದ ಅಂಗಡಿಯವನು ಶಟರ್ ಎತ್ತುತ್ತಿದ್ದ. ಅರ್ಧಕ್ಕೆ ಸಿಕ್ಕಿಕೊಂಡ ಅದನ್ನು ಭುಜ ಕೊಟ್ಟು ತಳ್ಳುತ್ತಿದ್ದ. ಅದು ಮೇಲೆ ಹೋಗುವ ಹೊತ್ತಿಗೆ ಮೇಡಂ, ಆಯ್ತು, ಈಗ ನಿಮ್ಮ ನಂಬರಿಗೆ ಒಂದು ಕಳಿಸ್ತೀನಿ, ಈ ಸಲ ಫೋನ್ ನೋಡಿ ಎಂದರು. ಕಿವಿಯ ಹತ್ತಿರವೇ ಫೋನು ನಡುಗಿತು. ನೋಡಿದಳು. ‘ಇದು ಪರೀಕ್ಷೆ.’ ಬಂತು ಮೇಡಂ ಎಂದಳು. ಬಂದಿದೆ, ನನ್ನ ಕೈಯಲ್ಲೇ ಇದೆ ಎಂದು ಮತ್ತೆ ಹೇಳಿದಳು.

ಬೈಯುತ್ತಾರೆಂದು ಕಾದಳು. ಬೈಗುಳವೂ ಬಂತು, ಅವಳು ಹೆದರಿದ್ದ ಜಾಗದಿಂದಲ್ಲ. ಕಿಂಡಿ ಬಳಸಿದ್ದು ತಪ್ಪು, ಅದಕ್ಕಿಂತ ತಪ್ಪು ಕೇಳದೆ ಇದ್ದದ್ದು ಎಂದರು ಮೇಡಂ. ಆಮೇಲೆ, ನೀವು ಕೇಳೋಕೆ ಬಂದು ತಿರುಗಿ ಹೋದದ್ದನ್ನು ಪರದೆಯ ಗಾಜಲ್ಲಿ ನೋಡಿದೆ, ನಾನೂ ಕರೀಲಿಲ್ಲ ಎಂದರು. ನಡೆದದ್ದನ್ನು ನಡೆದ ಹಾಗೇ ಬರೆದು ಎಲ್ಲರಿಗೂ ಕಳಿಸಬೇಕು, ಕಿಂಡಿಯನ್ನು ಇವತ್ತೇ ಮುಚ್ಚಬೇಕು, ಮುಚ್ಚುವವರು ನೀವೇ. ಮುಂದೆ ಏನನ್ನೇ ತಾತ್ಕಾಲಿಕವಾಗಿ ಬದಲಾಯಿಸಿದರೂ, ನಡುವೆ ಏನೇ ಆದರೂ ವಾಪಸು ಕೂರಿಸುವ ಸಾಲನ್ನು ಮೊದಲೇ ಬರೆದಿಟ್ಟು ಶುರು ಮಾಡಿ. ಖಾಯಂ ಮಾಡುವ ವಿಷಯ ಇಬ್ಬರೂ ಎತ್ತಲಿಲ್ಲ. ಎತ್ತದೆ ಇದ್ದದ್ದರಿಂದ ಅವಳಿಗೆ ಅದು ಇನ್ನೂ ಉಳಿದಿದೆ ಅನ್ನಿಸಿತು. ಉಳಿಯದಿದ್ದರೂ ಮಧ್ಯಾಹ್ನದ ತನಕವಾದರೂ ಉಸಿರಾಡಬಹುದು ಅನ್ನಿಸಿತು. ಎಲ್ಲರಿಗೂ ಬರೆದು ಕಳಿಸಿದಾಗ ಪಕ್ಕದ ಮೇಜಿನ ಹುಡುಗಿ ಓದುತ್ತಾಳೆ. ಓದಲಿ. ಈ ಸಲ ಬಗ್ಗಿದರೆ ಪೆನ್ನು ಹುಡುಕಿಕೊಡುತ್ತೇನೆ ಎಂದುಕೊಂಡಳು, ಮೆಟ್ಟಿಲಿನ ಮೇಲೆ ಒಬ್ಬಳೇ ನಿಂತು ನಕ್ಕಳು.

ಎಂಟೂ ಮುಕ್ಕಾಲಿಗೆ ಆಟೋ ಬಂದು ನಿಂತಿತು. ಸೊಸೆಯ ಹೆಗಲು ಹಿಡಿದು ಒಬ್ಬ ಸಣಕಲು ಮನುಷ್ಯ ಇಳಿದ. ಕಣ್ಣಿನ ಕೆಳಗೆ ಬಾವು, ಪಾದಗಳು ಚಪ್ಪಲಿಯ ಪಟ್ಟಿಯ ಎರಡೂ ಕಡೆಗೆ ಉಬ್ಬಿದ್ದವು. ಒಂದೊಂದು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಳ್ಳುತ್ತ, ಉಸಿರು ಸಿಕ್ಕಾಗಲೆಲ್ಲ ಬೈಯುತ್ತ ಹತ್ತಿದ: ಹಿಂದಿನ ದಿನವೇ ಹೇಳಬಾರದಾ, ಕಾಫಿ ಸಹ ಕುಡಿಯದೆ ಬಂದೆ, ಏನು ವ್ಯವಸ್ಥೆ ಇದು. ಅವಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟಳು. ಆಫೀಸಿಗೆ ಹೊತ್ತಾಗಿತ್ತು. ಹೋಗಬಹುದಿತ್ತು, ಹೋಗಲಿಲ್ಲ. ತೂಕ ನೋಡಿದರು, ಮಲಗಿಸಿದರು, ಸಿಸ್ಟರ್ ತೋಳಿಗೆ ಸೂಜಿ ಹಾಕಿದರು. ತೆಳ್ಳನೆಯ ಕೊಳವೆಯಲ್ಲಿ ರಕ್ತ ಹೊರಟು, ಮಷೀನಿನ ಎದೆಯ ಮೇಲಿನ ಚಕ್ರ ಸುತ್ತತೊಡಗಿತು. ಏಳು ಮಂಚ, ಏಳು ಜನ. ಅವಳು ಗಾಜಿನ ಬಾಗಿಲಿನಾಚೆಯಿಂದ ಎಣಿಸಿ ಮುಗಿಸಿದಾಗ ಸಿಸ್ಟರ್ ಕೈಬೀಸಿ ಒಳಗೆ ಕರೆದರು. ಇವರೇ ಮೆಸೇಜ್ ಕಂಪನಿಯವರು ಎಂದು ಮಾಸ್ತರಿಗೆ ತೋರಿಸಿಕೊಟ್ಟರು.

ಅವಳು ಕೈ ಮುಗಿದು, ನಿನ್ನೆಯ ತಪ್ಪು ತನ್ನದೆಂದು ಹೇಳಲು ಬಾಯಿ ತೆರೆದಳು. ಮಾಸ್ತರು ಮೊದಲೇ ಬೆರಳೆತ್ತಿದರು.

“ನಿಮ್ಮನ್ನೇ ಹುಡುಕ್ತಾ ಇದ್ದೆ. ಒಂದು ವರ್ಷದಿಂದ ನನ್ನ ಹೆಸರಿನ ಒತ್ತಕ್ಷರ ತಪ್ಪು ಬರೀತಿದೀರಿ. ಬರೋ ಪ್ರತಿ ಮೆಸೇಜಲ್ಲೂ ತಪ್ಪು. ನಲವತ್ತು ವರ್ಷ ಬೋರ್ಡಿನ ಮೇಲೆ ಅಕ್ಷರ ಬರೆದವನು ನಾನು. ನೋಡಿ ನೋಡಿ ಕಣ್ಣು ನೋಯತ್ತೆ.”

ಪಕ್ಕದ ಮಂಚದ ದರ್ಜಿಯ ಹೆಂಡತಿ ಕಣ್ಣು ಮುಚ್ಚಿಕೊಂಡೇ ನಕ್ಕಳು. ಇವಳಿಗೆ ಇಡೀ ಬೆಳಗಿನಲ್ಲಿ ಇಷ್ಟು ಹಗುರವಾದ ಆರೋಪ ಸಿಕ್ಕಿರಲಿಲ್ಲ. ಸ್ಟೂಲು ಎಳೆದುಕೊಂಡು ಅವರ ಸೂಜಿಯಿಲ್ಲದ ಕೈಯ ಕಡೆ ಕೂತಳು, ಪಟ್ಟಿಯ ಹಾಳೆಯನ್ನು ತಿರುಗಿಸಿ ಮೊಣಕಾಲಿನ ಮೇಲಿಟ್ಟುಕೊಂಡಳು, ಪೆನ್ನಿನ ಮುಚ್ಚಳ ತೆಗೆದಳು. ಹೇಳಿ ಮಾಸ್ತರೇ, ನಿಧಾನವಾಗಿ ಹೇಳಿ, ಈಗಲೇ ಬರೆದುಕೊಳ್ಳುತ್ತೇನೆ ಎಂದಳು. ಮಾಸ್ತರು ಗಂಟಲು ಸರಿಮಾಡಿಕೊಂಡು, ತರಗತಿಗೆ ಹೇಳುವವರ ಹಾಗೆ, ಮೊದಲ ಅಕ್ಷರದಿಂದ ಶುರು ಮಾಡಿದರು.